ಮೊದಲು ಬೀಳುವುದನ್ನು ಕಲಿಸುವವರು

ಬೇಸಿಗೆ ರಜೆ ಹತ್ತಿರವಾದಂತೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಓದುಗರಿಂದ ಈ ಅಂಕಣಕ್ಕೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮಗಳನ್ನು ಕರಾಟೆಗೆ ಹಚ್ಚಬೇಕೋ, ಜೂಡೋಗೋ? ಮಗನನ್ನು ಗರಡಿಗೆ ಕಳಿಸಿದರೆ ಓದು ಕೆಟ್ಟೀತೆ? ಎಷ್ಟು ತಿಂಗಳು ಕಲಿತರೆ ಯಾರಿಗೂ ಅಂಜದೆ ಓಡಾಡಬಹುದು? ಕೇಳುವವರ ಆತಂಕ ಹುಸಿಯಲ್ಲ. ಬೆಳಿಗ್ಗೆ ಬಸ್ ಹಿಡಿದು ತಾಲ್ಲೂಕು ಕೇಂದ್ರದ ಕಾಲೇಜಿಗೆ ಬಂದು, ಕತ್ತಲಾಗುವ ಹೊತ್ತಿಗೆ ಹಳ್ಳಿಗೆ ಮರಳುವ ಹುಡುಗಿಯ ಮನೆಯವರು ಗಡಿಯಾರ ನೋಡುತ್ತಲೇ ಕೂತಿರುತ್ತಾರೆ.

ಯಾವ ವಿದ್ಯೆ ಎನ್ನುವುದಕ್ಕಿಂತ, ವಿದ್ಯೆಯ ಜೊತೆಗೆ ಇನ್ನೇನು ಕಲಿಸುತ್ತಾರೆ ಎನ್ನುವುದೇ ಇಲ್ಲಿ ದೊಡ್ಡ ಮಾತು. ಕಲಿಯುವವರಿಗೆ ತಮ್ಮ ಬಲದ ಅಳತೆ ಗೊತ್ತಿರಬೇಕು. ತಮ್ಮ ಕೈಯಿಂದ ಆದದ್ದಕ್ಕೆ ತಾವೇ ಹೊಣೆ ಎಂಬ ಎಚ್ಚರವೂ ಇರಬೇಕು. ಇವಿಲ್ಲದೆ ಕಲಿತ ಹೊಡೆತದಿಂದ ಕಲಿತವರಿಗೇ ಅಪಾಯ. ವಿಜಯಪುರ ಜಿಲ್ಲೆಯವರು ಇದನ್ನು ಅರಿಯಲು ಜಪಾನಿನತ್ತ ನೋಡಬೇಕಾಗಿಲ್ಲ. ಊರ ಹನುಮಪ್ಪನ ಗುಡಿಯ ಮಗ್ಗುಲಿನ ಗರಡಿ ಮನೆ ಇದನ್ನೇ ತನ್ನ ದಿನಚರಿಯಲ್ಲಿ ಇಟ್ಟುಕೊಂಡು ಬಂದಿದೆ.

ಈ ಜಿಲ್ಲೆಯ ಬಹುಪಾಲು ಎರಿಭೂಮಿ. ಮಳೆಗೆ ಕಾಲಿಗೆ ಮೆತ್ತುವ, ಬಿಸಿಲಿಗೆ ಬಿರುಕು ಬಿಡುವ ಕರಿಮಣ್ಣಿನಲ್ಲಿ ಕುಸ್ತಿ ಆಡಲಾಗದು. ಗರಡಿಗೆ ಕೆಮ್ಮಣ್ಣು ಬೇಕು. ಅದನ್ನು ತರಿಸಿ, ಹರಳು ಆರಿಸಿ, ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಬೆರೆಸಿ ಹದ ಮಾಡುತ್ತಾರೆ. ಲಿಂಬೆಗೆ ಹೆಸರಾದ ಇಂಡಿ ಸೀಮೆಯಲ್ಲಿ ಕೊನೆಯದಕ್ಕಂತೂ ಬರವಿಲ್ಲ. ಹೊಸದಾಗಿ ಸೇರಿದ ಹುಡುಗನ ಕೈಗೆ ಮೊದಲು ಬರುವುದು ಸಲಿಕೆ. ರಾತ್ರಿ ಗಟ್ಟಿಯಾದ ಖಾಡದ ಮಣ್ಣನ್ನು ನಸುಕಿನಲ್ಲಿ ಅಗೆದು, ಹೆಂಟೆ ಒಡೆದು, ಕೈಯಾಡಿಸಿ ಮೆತ್ತಗೆ ಮಾಡುವುದು ಅವನ ಕೆಲಸ. ನೋಡುವವರಿಗೆ ಇದು ಕಿರಿಯನ ಮೇಲೆ ಹೊರಿಸಿದ ಚಾಕರಿ ಅನ್ನಿಸೀತು. ಆದರೆ ಆ ದಿನ ಆ ಮಣ್ಣಿನ ಮೇಲೆ ಎತ್ತಿ ಒಗೆಸಿಕೊಳ್ಳುವವರ ಬೆನ್ನು, ಹೆಗಲು, ಕುತ್ತಿಗೆ ಎಲ್ಲವೂ ಅವನು ಎಷ್ಟು ಚೊಕ್ಕವಾಗಿ ಅಗೆದಿದ್ದಾನೆ ಎಂಬುದರ ಮೇಲೆ ನಿಂತಿವೆ. ಒಂದು ಹರಳು ಉಳಿದರೂ ಯಾರದೋ ಮೈಗೆ ತಾಗುತ್ತದೆ. ಇನ್ನೊಬ್ಬರ ಮೈ ತನ್ನ ಹೊಣೆ ಎಂಬ ಪಾಠ, ಪಟ್ಟುಗಳ ಪಾಠಕ್ಕಿಂತ ಎಷ್ಟೋ ಮೊದಲೇ, ಉಪದೇಶದ ಗೊಡವೆಯಿಲ್ಲದೆ ಶುರುವಾಗಿರುತ್ತದೆ.

ಆಮೇಲೆ ದಂಡ, ಬಸ್ಕಿ, ಹಗ್ಗ ಏರುವುದು. ಆಮೇಲೆ ಬೀಳುವುದು. ತಿಂಗಳುಗಟ್ಟಲೆ ಬೀಳುವುದು. ಊರಲ್ಲಿ ಗಟ್ಟಿಮುಟ್ಟಾದ ಹುಡುಗ ಎನಿಸಿಕೊಂಡವನನ್ನು ಅವನಿಗಿಂತ ಸಣ್ಣ ಮೈಯ, ಎರಡು ವರ್ಷ ಮೊದಲು ಬಂದ ಹುಡುಗ ಕ್ಷಣದಲ್ಲಿ ಚಿತ್ ಮಾಡುತ್ತಾನೆ. ಎದ್ದು ಮಣ್ಣು ಕೊಡವಿಕೊಂಡರೆ ಮತ್ತೆ ಅದೇ. ಗರಡಿಯವರು ವಿನಯದ ಬಗ್ಗೆ ಭಾಷಣ ಮಾಡುವುದಿಲ್ಲ, ಅದರ ಅಗತ್ಯವೂ ಬೀಳುವುದಿಲ್ಲ. ದಿನಾ ಬೆಳಿಗ್ಗೆ ತನ್ನ ಅಳತೆ ತನಗೇ ಸಿಗುವ ಜಾಗದಲ್ಲಿ ಜಂಬ ಬಹಳ ದಿನ ನಿಲ್ಲದು. ಗಾಳಿಗೆ ಒದೆಯುವ, ಕನ್ನಡಿಯ ಮುಂದೆ ಮುಷ್ಟಿ ಬೀಸುವ ಅಭ್ಯಾಸದಲ್ಲಿ ಸಿಗದೇ ಹೋಗುವುದು ಇದೇ. ಅಲ್ಲಿ ಎದುರಾಳಿ ಎಂದೂ ಗೆಲ್ಲುವುದಿಲ್ಲ.

ಸಂಗ್ರಾಣಿ ಕಲ್ಲು ಎತ್ತುವವರದೂ ಇದೇ ಕಥೆ. ಶ್ರಾವಣದಲ್ಲಿ ಬಸವನ ಬಾಗೇವಾಡಿಯ ಬಸವೇಶ್ವರ ಜಾತ್ರೆಗೆ ಹೋದವರು ಭಾರ ಎತ್ತುವ ಸ್ಪರ್ಧೆಯ ಸುತ್ತ ನೆರೆಯುವ ಜನವನ್ನು ನೋಡಿರುತ್ತಾರೆ. ಕಲ್ಲಿನ ಮುಂದೆ ಯಾರ ಮಗ, ಯಾವ ಪಕ್ಷ ಎಂಬ ಮಾತೇ ಇಲ್ಲ. ನೆಲ ಬಿಟ್ಟರೆ ಬಿಟ್ಟಿತು, ಇಲ್ಲವಾದರೆ ಇಲ್ಲ.

ಜಾತ್ರೆಯ ಕುಸ್ತಿ ನೋಡುವಾಗ ಜನ ಕೊನೆಯ ದೊಡ್ಡ ಜೋಡಿಗೆ ಕಾಯುತ್ತಾರೆ. ಬೆಳ್ಳಿ ಕಡಗಕ್ಕೆ, ಬೆಳ್ಳಿ ಗದೆಗೆ ಆಡುವ ಜಂಗಿ ನಿಕಾಲಿ ಕುಸ್ತಿ ಅದು. ಸೋಲು ಗೆಲುವು ತೀರ್ಮಾನವಾಗುವವರೆಗೆ ನಡೆಯಬೇಕು. ಆದರೆ ಈ ಬರಹದ ವಿಷಯಕ್ಕೆ ಶುರುವಿನ ಕಾಯಿ ಕುಸ್ತಿಗಳೇ ಹೆಚ್ಚು ಮುಖ್ಯ. ಗೆದ್ದವನಿಗೆ ಒಂದು ತೆಂಗಿನಕಾಯಿ ಸಿಗುವ, ಸಣ್ಣ ಹುಡುಗರ ಕುಸ್ತಿಗಳು. ಜೋಡಿ ಹಚ್ಚುವ ಹಿರಿಯರು ಹುಡುಗರನ್ನು ಎದುರುಬದುರು ನಿಲ್ಲಿಸಿ, ಎತ್ತರ ನೋಡಿ, ತೋಳು ಮುಟ್ಟಿ, "ಇವನ ಮುಂದ ಆ ಹುಡುಗ ಆಗಂಗಿಲ್ರಿ, ಬ್ಯಾರೆ ಜೋಡಿ ತರ್ರಿ" ಎಂದು ವಾಪಸ್ ಕಳಿಸುವುದನ್ನು ಗಮನಿಸಬೇಕು. ಸಮಜೋಡಿಯಲ್ಲದ ಕಡೆ ಗೆದ್ದರೆ ಅದು ಗೆಲುವಲ್ಲ ಎಂಬ ತಿಳಿವಳಿಕೆ ಅಲ್ಲಿದೆ. ಇದು ಇಂದು ನಿನ್ನೆಯದೂ ಅಲ್ಲ. ಈ ನೆಲವನ್ನು ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆದ 'ಮಾನಸೋಲ್ಲಾಸ'ದ ಮಲ್ಲವಿನೋದದ ಭಾಗ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ಬೇರೆಬೇರೆ ದರ್ಜೆಗೆ ಹಾಕುತ್ತದೆ. ಅವರ ಊಟ, ಸಾಮು ಹೇಗಿರಬೇಕೆಂದು ಹೇಳುತ್ತದೆ.

ಜೋಡಿ ನಿಂತ ಮೇಲೆ ಇಬ್ಬರೂ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾರೆ, ಒಂದು ಹಿಡಿ ಮಣ್ಣನ್ನು ಎದುರಾಳಿಯ ಮೈಗೂ ಹಚ್ಚುತ್ತಾರೆ. ಎಣ್ಣೆ ಬೆವರಿನ ಮೈ ಜಾರದಿರಲಿ, ಹಿಡಿತ ಸಿಗಲಿ ಎಂಬುದು ಅದರ ಬಳಕೆ. ತನ್ನನ್ನು ಹಿಡಿಯಲು ಬರುವವನಿಗೆ ತಾನೇ ಅನುಕೂಲ ಮಾಡಿಕೊಡುವ ಆಟ ಇದು. ಗುದ್ದುವಂತಿಲ್ಲ, ಒದೆಯುವಂತಿಲ್ಲ, ಕಚ್ಚುವಂತಿಲ್ಲ. ಬೆನ್ನು ಮಣ್ಣಿಗೆ ತಾಗಿ ಚಿತ್ ಆದ ಕ್ಷಣಕ್ಕೆ ಎಲ್ಲ ಮುಗಿಯಿತು. ಹಲಗಿ ಎಷ್ಟೇ ಜೋರಾಗಿ ಬಾರಿಸುತ್ತಿರಲಿ, ಜನ ಎಷ್ಟೇ ಕೂಗುತ್ತಿರಲಿ, ಬಿದ್ದವನ ಮೇಲೆ ಮತ್ತೆ ಕೈ ಮಾಡುವಂತಿಲ್ಲ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗ ಇದಕ್ಕಿಂತ ಎಷ್ಟೋ ಉಗ್ರ. ಬೆರಳುಗಳಿಗೆ ಆಯುಧ ಸಿಕ್ಕಿಸಿಕೊಂಡು ಬೋಳಿಸಿದ ತಲೆಗೆ ಹೊಡೆಯುವ ಕಾಳಗ. ಅದೂ ತಲೆಯಿಂದ ರಕ್ತ ಚಿಮ್ಮಿದೊಡನೆ ನಿಲ್ಲುತ್ತದೆ. ಯಾವಾಗ ನಿಲ್ಲಿಸಬೇಕು ಎಂಬುದನ್ನು ಆಡುವವರ ಸಿಟ್ಟಿಗೆ ಬಿಡದೆ ನಿಯಮವೇ ಮೊದಲು ಗೊತ್ತು ಮಾಡಿದೆ.

ನಿಲ್ಲಿಸುವ ಈ ವಿದ್ಯೆ ಇಂಡಿ, ಸಿಂದಗಿ ಸೀಮೆಗೆ ಎಷ್ಟು ಬೇಕಾಗಿತ್ತು ಎಂಬುದನ್ನು ಅಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಭೀಮಾ ನದಿಯ ದಂಡೆಯ ಆ ಸೀಮೆಗೆ, ಭೀಮಾತೀರ ಎಂದರೆ ಸೇಡು, ಪಿಸ್ತೂಲು ಎಂಬ ಹೆಸರು ಅಂಟಿಕೊಂಡಿದೆ. 2012ರಲ್ಲಿ 'ಭೀಮಾ ತೀರದಲ್ಲಿ' ಎಂಬ ಸಿನಿಮಾ ಕೂಡ ಬಂತು. ಜೋಳ, ಕಬ್ಬು, ಲಿಂಬೆ ಬೆಳೆದು ಬಾಳುವ ಲಕ್ಷಾಂತರ ಜನರಿಗೆ ಆ ಹೆಸರು ಅನ್ಯಾಯವೇ ಸರಿ. ಆದರೂ ಒಂದು ಕೊಲೆಗೆ ಇನ್ನೊಂದು ಎಂಬಂತೆ ಸೇಡಿನ ಸರಣಿ ನಡೆದದ್ದು ಸುಳ್ಳಲ್ಲ. ಅಂಥ ಸೇಡಿನಲ್ಲಿ ಪ್ರತಿಯೊಬ್ಬನೂ ತಾನು ತನ್ನನ್ನು, ತನ್ನವರನ್ನು ಕಾಪಾಡಿಕೊಳ್ಳುತ್ತಿದ್ದೇನೆ ಎಂದೇ ನಂಬಿರುತ್ತಾನೆ. ಆತ್ಮರಕ್ಷಣೆ ಮತ್ತು ಸೇಡಿನ ನಡುವಣ ಗೆರೆಯನ್ನು ಮಕ್ಕಳಿಗೆ ಚಿಕ್ಕಂದಿನಲ್ಲೇ ತೋರಿಸಬೇಕು ಎಂದು ಈ ಅಂಕಣಕಾರ ಒತ್ತಿ ಹೇಳಲು ಇದೇ ಕಾರಣ.

ಕಾನೂನು ಆ ಗೆರೆಯನ್ನು ಸ್ಪಷ್ಟವಾಗಿಯೇ ಎಳೆದಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕಿನವು. ಹಳೆಯ ದಂಡ ಸಂಹಿತೆಯಲ್ಲಿ ಇವೇ 96ರಿಂದ 106 ಆಗಿದ್ದವು. ತನ್ನ ಮೈಯನ್ನಷ್ಟೇ ಅಲ್ಲ, ಇನ್ನೊಬ್ಬರ ಮೈಯನ್ನು ಕಾಪಾಡಲೂ ಬಲ ಬಳಸಬಹುದು. ಪ್ರಾಣಭಯ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿಯಂಥ ಸಂದರ್ಭಗಳಲ್ಲಿ ದಾಳಿಕೋರನ ಜೀವ ಹೋದರೂ ಕಾನೂನು ರಕ್ಷಣೆ ಕೊಡುತ್ತದೆ. ಆದರೆ 37ನೇ ಕಲಮು ಮಿತಿ ಹಾಕಿದೆ. ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಪೆಟ್ಟು ಕೊಡುವ ಹಕ್ಕು ಯಾರಿಗೂ ಇಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಕೈ ಎತ್ತುವ ಹಕ್ಕೂ ಇಲ್ಲ. ಅಪಾಯದ ಭಯ ಹುಟ್ಟಿದಾಗ ಶುರುವಾಗುವ ಈ ಹಕ್ಕು ಆ ಭಯ ಇರುವವರೆಗೆ ಮಾತ್ರ ಇರುತ್ತದೆ ಎಂಬುದು 40ನೇ ಕಲಮಿನ ತಿರುಳು.

ಬಿಡಿಸಿ ಹೇಳುವುದಾದರೆ ಹೀಗೆ. ಬಸ್ ನಿಲ್ದಾಣದಲ್ಲಿ ಒಬ್ಬ ಕೈ ಹಿಡಿದು ಎಳೆದ. ಹುಡುಗಿ ಕೂಗಿದಳು, ಮೊಣಕೈಯಿಂದ ತಿವಿದಳು, ಅವನು ಕೈ ಬಿಟ್ಟು ಕುಸಿದ. ಅಲ್ಲಿಯವರೆಗಿನದು ಅವಳ ಹಕ್ಕು. ಕುಸಿದವನು ಏಳಲಾಗದೆ ಬಿದ್ದಿರುವಾಗ ಸುತ್ತ ನೆರೆದವರು ಅವನನ್ನು ಒದ್ದರೆ ಅದು ರಕ್ಷಣೆ ಅಲ್ಲ. ಮರುದಿನ ಅಣ್ಣ ನಾಲ್ಕು ಜನ ಗೆಳೆಯರನ್ನು ಕರೆದುಕೊಂಡು ಅವನ ಊರಿಗೆ ಹೋದರೆ ಅದು ಬೇರೆಯೇ ಅಪರಾಧ. ಮೊದಲ ಮೊಕದ್ದಮೆಯಲ್ಲಿ ದೂರುದಾರರಾಗಬೇಕಾದ ಮನೆಯವರೇ ಎರಡನೆಯದರಲ್ಲಿ ಆರೋಪಿಗಳಾಗಿ ನಿಲ್ಲುತ್ತಾರೆ.

ಹಾಗೆಂದು ಮೈಮೇಲೆ ಬಂದಾಗ ಹುಡುಗಿ ತಕ್ಕಡಿ ಹಿಡಿದು ಪೆಟ್ಟು ತೂಗಬೇಕೆಂದು ಯಾರೂ ಕೇಳುವುದಿಲ್ಲ. ದರ್ಶನ್ ಸಿಂಗ್ ಮತ್ತು ಪಂಜಾಬ್ ರಾಜ್ಯದ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಜನವರಿಯಲ್ಲಿ ಖಾಸಗಿ ರಕ್ಷಣೆಯ ತತ್ವಗಳನ್ನು ಒಂದೆಡೆ ಕಲೆಹಾಕಿ ಹೇಳಿತು. ದಾಳಿಗೆ ಸಿಕ್ಕವರು ಗಣಿತದ ಲೆಕ್ಕದಂತೆ ಹಂತಹಂತವಾಗಿ ಪ್ರತಿರೋಧ ಅಳೆಯಲಿ ಎಂದು ನಿರೀಕ್ಷಿಸುವುದು ವಾಸ್ತವವಲ್ಲ ಎಂಬುದು ಅವುಗಳಲ್ಲಿ ಒಂದು. ಅಪಾಯ ನಿಜವಾಗಿ ಎರಗುವವರೆಗೆ ಕಾಯಬೇಕಿಲ್ಲ, ಸಕಾರಣವಾದ ಭಯ ಸಾಕು ಎಂಬುದು ಇನ್ನೊಂದು. ಹುಡುಗಿಯರಿಗೆ ತರಬೇತಿ ಕೊಡುವಾಗ ಈ ಮಾತನ್ನು ಗಟ್ಟಿ ದನಿಯಲ್ಲಿ ಹೇಳಬೇಕು. ಎದುರಿಸಿದರೆ ತಮ್ಮ ಮೇಲೇ ಕೇಸಾಗುತ್ತದೆ ಎಂಬ ಅಂಜಿಕೆ ಅವರಲ್ಲಿ ಬಹಳ ಇದೆ.

ಈಗ ಕರಾಟೆ, ಜೂಡೋಗಳ ಮಾತಿಗೆ ಬರಬಹುದು. ಅವು ಪರದೇಶದ ವಿದ್ಯೆ ಎಂಬ ತಕರಾರು ಇಲ್ಲಿಲ್ಲ. ಒಳ್ಳೆಯ ಕಡೆ ಕಲಿಸಿದರೆ ಅವು ಗರಡಿಯ ಮಾತನ್ನೇ ಆಡುತ್ತವೆ. 1882ರಲ್ಲಿ ಟೋಕಿಯೊದಲ್ಲಿ ಜೂಡೋ ಶಾಲೆ ತೆರೆದ ಜಿಗೊರೊ ಕಾನೊ, ಜೊತೆಗಾರರಿಬ್ಬರೂ ಒಟ್ಟಿಗೆ ಬೆಳೆಯಬೇಕು ಎಂಬುದನ್ನು ಅದರ ಅಡಿಪಾಯ ಮಾಡಿದರು. ಜೂಡೋದಲ್ಲಿ ಮೊದಲ ಪಾಠವೇ ಬೀಳುವುದು: ಗದ್ದ ಎದೆಗೆ ಒತ್ತಿ, ಬೆನ್ನು ದುಂಡಗೆ ಮಾಡಿ, ಅಂಗೈಯಿಂದ ಚಾಪೆ ತಟ್ಟಿ ಬೀಳುವುದು. ಎತ್ತಿ ಒಗೆಯುವವರ ಕೈಯನ್ನೂ ಹತ್ತಿರದಿಂದ ನೋಡಬೇಕು. ಎದುರಾಳಿ ಗಾಳಿಯಲ್ಲಿ ತಿರುಗಿ ನೆಲಕ್ಕೆ ಬರುವ ಹೊತ್ತಿಗೆ ಒಗೆದವರ ಒಂದು ಕೈ ಅವರ ತೋಳಂಗಿಯನ್ನು ಬಿಟ್ಟಿರುವುದಿಲ್ಲ. ಕೊನೆಯ ಕ್ಷಣದಲ್ಲಿ ಅದನ್ನು ಮೇಲಕ್ಕೆ ಎಳೆದು ಹಿಡಿಯುತ್ತಾರೆ, ಬೀಳುವವರ ತಲೆ ನೆಲಕ್ಕೆ ಬಡಿಯಬಾರದು ಎಂದು. ಗೆಲ್ಲುವ ಆ ಗಳಿಗೆಯಲ್ಲೂ ಸೋಲುವವರ ತಲೆಬುರುಡೆಯ ಕಾಳಜಿ ಗೆಲ್ಲುವವರ ಕೈಯಲ್ಲಿದೆ. ಓಕಿನಾವಾದಿಂದ 1922ರಲ್ಲಿ ಟೋಕಿಯೊಗೆ ಬಂದು ಕರಾಟೆಯನ್ನು ಜಪಾನಿನ ತುಂಬ ಹಬ್ಬಿಸಿದ ಗಿಚಿನ್ ಫುನಾಕೋಶಿ ಕೂಡ ತಮ್ಮ ವಿದ್ಯೆಯಲ್ಲಿ ಮೊದಲ ಹೊಡೆತಕ್ಕೆ ಜಾಗವಿಲ್ಲ ಎಂದೇ ಕಲಿಸಿದವರು.

ಹಾಗಾಗಿ ಯಾವುದಕ್ಕೆ ಹಚ್ಚಬೇಕು ಎಂಬುದಕ್ಕೆ ಉತ್ತರ ಸರಳ. ಮಗುವಿಗೆ ಇಷ್ಟವಾದದ್ದು, ಮನೆಗೆ ಹತ್ತಿರವಿದ್ದದ್ದು, ವರ್ಷಗಟ್ಟಲೆ ಬಿಡದೆ ಹೋಗಬಹುದಾದದ್ದು. ಗರಡಿಗೆ ಹೋದರೆ ಓದು ಕೆಡುತ್ತದೆ ಎಂಬ ಅಂಜಿಕೆಗೂ ಉತ್ತರ ಹಾಗೆಯೇ ಸರಳ. ನಸುಕಿನಲ್ಲೆದ್ದು ಮೈ ದಣಿಸಿ ಬಂದ ಹುಡುಗ ರಾತ್ರಿ ಹೊತ್ತಿಗೆ ಸರಿಯಾಗಿ ಮಲಗುತ್ತಾನೆ, ಮೊಬೈಲು ಹಿಡಿದು ಕೂರುವುದಿಲ್ಲ.

ಸರ್ಕಾರದ ತರಬೇತಿಗಳೂ ಇವೆ. ಸಮಗ್ರ ಶಿಕ್ಷಣದಡಿ 6ರಿಂದ 12ನೇ ತರಗತಿಯ ಹುಡುಗಿಯರಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣ ತರಬೇತಿ ನಡೆಯುತ್ತದೆ, ಅವಧಿ 3 ತಿಂಗಳು. ರಾಜ್ಯದ ವಸತಿ ಶಾಲೆ, ಹಾಸ್ಟೆಲುಗಳ ಹುಡುಗಿಯರಿಗೆ ಚಿತ್ರದುರ್ಗದ ಓಬವ್ವನ ಹೆಸರಲ್ಲಿ ಕರಾಟೆ ಕಲಿಸುತ್ತಾರೆ. ಇವು ಬೇಕು, ಇನ್ನೂ ಹೆಚ್ಚಾಗಬೇಕು. ಎಂದೂ ಗಟ್ಟಿಯಾಗಿ ಕೂಗಿರದ ಹುಡುಗಿ ಸಾಲಿನಲ್ಲಿ ನಿಂತು ಹೊಟ್ಟೆಯೊಳಗಿಂದ ಕೂಗುವುದನ್ನು ಕಲಿತರೆ ಅಷ್ಟೇ ದೊಡ್ಡ ಲಾಭ. ಆದರೆ ಸಮಾರೋಪದ ದಿನ ಹೆಂಚು ಒಡೆಸಿ ಫೋಟೊ ತೆಗೆಸಿ, ಇನ್ನು ನಿಮಗೆ ಯಾರ ಭಯವೂ ಇಲ್ಲ ಎಂದು ಭಾಷಣ ಮಾಡುವುದು ಮಕ್ಕಳಿಗೆ ಮಾಡುವ ಮೋಸ. 3 ತಿಂಗಳು ಕಲಿತ 45 ಕಿಲೊ ತೂಕದ ಹುಡುಗಿ 80 ಕಿಲೊ ತೂಕದ ಗಂಡಸನ್ನು ಎದುರಿಸಿ ನಿಂತು ಹೊಡೆದಾಡುವುದು ಕೊನೆಯ ದಾರಿ. ಮೊದಲ ದಾರಿ ಕೂಗಿ, ಬಿಡಿಸಿಕೊಂಡು, ಜನರಿರುವ ಕಡೆ ಓಡುವುದು. ಗರಡಿಯ ಲೆಕ್ಕದಲ್ಲಿ 45 ಕಿಲೊಗೆ 80 ಕಿಲೊ ಸಮಜೋಡಿಯಲ್ಲ. ಓಡುವುದನ್ನು ಹೇಡಿತನ ಎನ್ನುವ ತರಬೇತುದಾರರಿಗೆ ತಮ್ಮ ವಿದ್ಯೆಯೇ ಅರ್ಥವಾಗಿಲ್ಲ.

ಇನ್ನೊಂದು ಸಂಗತಿಯೂ ಇದೆ. ತರಬೇತಿಗಳು ಕತ್ತಲ ದಾರಿಯ ಅಪರಿಚಿತನನ್ನು ಎದುರಿಟ್ಟುಕೊಂಡು ನಡೆಯುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳಲ್ಲಿ ವರ್ಷವರ್ಷವೂ ಕಾಣುವುದು ಬೇರೆ: ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಪರಿಚಿತನೇ. ನೆರೆಯವ, ಬಳಗದವ, ಗೆಳೆಯ, ಕೆಲಸ ಕೊಟ್ಟವ. ಮಾಮಾ ಎಂದು ಕರೆಯುವವರ ಮೇಲೆ ಮೊಣಕೈ ಬೀಸಲು ಯಾವ ಹುಡುಗಿಗೆ ತಾನೇ ಸುಲಭ?

ಇಂಥ ಅಪಾಯಕ್ಕೆ ಸಜ್ಜುಗೊಳಿಸುವ ತರಬೇತಿಯ ಬಗ್ಗೆ ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ 893 ವಿದ್ಯಾರ್ಥಿನಿಯರ ಮೇಲೆ ನಡೆದ ಅಧ್ಯಯನ 2015ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟವಾಯಿತು. ತರಬೇತಿ ಒಟ್ಟು 12 ಗಂಟೆಯದು, ತಲಾ 3 ಗಂಟೆಯ 4 ಭಾಗ. ಮೊದಲ ಭಾಗದಲ್ಲಿ ಪರಿಚಿತರಿಂದ ಬರುವ ಅಪಾಯವನ್ನು ಗುರುತಿಸುವುದು, ಎರಡನೆಯದರಲ್ಲಿ ಸಂಕೋಚ ಮೀರಿ ಅದನ್ನು ಅಪಾಯವೆಂದೇ ಒಪ್ಪಿಕೊಳ್ಳುವುದು, ಕೊನೆಯದರಲ್ಲಿ ತನ್ನ ಇಷ್ಟಾನಿಷ್ಟಗಳ ಅರಿವು. ಕೈಕಾಲು ಬೀಸುವ ಪಾಠ ಮೂರನೆಯ ಭಾಗದಲ್ಲಿ ಮಾತ್ರ. ವರ್ಷ ಕಳೆದ ಮೇಲೆ ನೋಡಿದರೆ ತರಬೇತಿ ಇಲ್ಲದವರಲ್ಲಿ ಶೇಕಡಾ 9.8 ಮಂದಿ ಅತ್ಯಾಚಾರಕ್ಕೆ ಒಳಗಾಗಿದ್ದರೆ, ತರಬೇತಿ ಪಡೆದವರಲ್ಲಿ ಅದು ಶೇಕಡಾ 5.2. ಅಲ್ಲಿನ ಹುಡುಗಿಯರ ಬದುಕು ಸಿಂದಗಿಯ ಹುಡುಗಿಯರದರಂತಿಲ್ಲ, ನಿಜ. ಆದರೆ ಒದೆತಕ್ಕಿಂತ ಹೆಚ್ಚು ಹೊತ್ತನ್ನು ಗುರುತಿಸುವುದಕ್ಕೆ, ಬೇಡ ಎನ್ನುವುದಕ್ಕೆ ಕೊಟ್ಟ ತರಬೇತಿ ಅಪಾಯವನ್ನು ಅರ್ಧದ ಹತ್ತಿರಕ್ಕೆ ಇಳಿಸಿತು ಎಂಬುದನ್ನು ಇಲ್ಲಿನ ಶಾಲೆಗಳೂ ಗಮನಿಸಬೇಕು. ದಾಳಿಯ ಹೊಣೆ ಸದಾ ದಾಳಿ ಮಾಡಿದವನದು. ತರಬೇತಿ ಇದ್ದೂ ಏಕೆ ಎದುರಿಸಲಿಲ್ಲ ಎಂದು ಯಾವ ಹುಡುಗಿಯನ್ನೂ ಯಾರೂ ಕೇಳಕೂಡದು.

ಕಲಿಸುವವರ ಹೊಣೆಯ ಮಾತು ಬಹಳ ಸಲ ಬಿಟ್ಟೇ ಹೋಗುತ್ತದೆ. ವಸ್ತಾದರ ಮುಂದೆ ತಲೆಬಾಗುವುದು ಗರಡಿಯ ಶಿಸ್ತು. ಆದರೆ ಆ ತಲೆಬಾಗುವಿಕೆ ಬಾಯಿ ಕಟ್ಟುವ ಹಗ್ಗವಾಗಬಾರದು. ಒಲಿಂಪಿಕ್ ಪದಕ ಗೆದ್ದವರೇ 2023ರ ಜನವರಿಯಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಕುಳಿತು, ಕುಸ್ತಿಯ ಆಡಳಿತದ ಮೇಲೆಯೇ ಲೈಂಗಿಕ ಕಿರುಕುಳದ ದೂರು ಹೇಳಬೇಕಾಗಿ ಬಂತು. 2016ರ ರಿಯೊದಲ್ಲಿ ಕಂಚು ಗೆದ್ದ ಸಾಕ್ಷಿ ಮಲಿಕ್ ಅವರಂಥವರಿಗೇ ಅಷ್ಟು ಕಷ್ಟವಾದರೆ ಹಳ್ಳಿಯ ಹುಡುಗಿ ಯಾರ ಬಳಿ ಹೋಗಬೇಕು? ಹಿಡಿದು ಕಲಿಸುವ ವಿದ್ಯೆ ಇದು, ಮುಟ್ಟದೆ ಕಲಿಸಲಾಗದು. ಅದಕ್ಕೇ ಹುಡುಗಿಯರ ತರಗತಿಯಲ್ಲಿ ಮಹಿಳಾ ತರಬೇತುದಾರರೊಬ್ಬರು ಇರಬೇಕು, ಬಾಗಿಲು ತೆರೆದಿರಬೇಕು, ತಂದೆತಾಯಿ ಬಂದು ಕೂತರೆ ಯಾರೂ ಮುಖ ಗಂಟಿಕ್ಕಬಾರದು.

ಹಣ ಕಟ್ಟುವ ಮೊದಲು ಒಂದು ದಿನ ಸುಮ್ಮನೆ ಹೋಗಿ ನೋಡಿಕೊಂಡು ಬರುವುದು ಒಳ್ಳೆಯದು. ಎಲ್ಲರಿಗಿಂತ ಬಲಿಷ್ಠನಾದವನು ಎಲ್ಲರಿಗಿಂತ ಹೊಸಬನ ಜೊತೆ ಹೇಗೆ ಅಭ್ಯಾಸ ಮಾಡುತ್ತಾನೆ ಎಂಬುದನ್ನು ಗಮನಿಸಬೇಕು. ಬಿದ್ದವನಿಗೆ ಕೈ ಕೊಟ್ಟು ಎಬ್ಬಿಸುತ್ತಾನೋ, ನಗುತ್ತಾನೋ? ನೋವಾಯಿತು ಎಂದ ಮಗುವನ್ನು ಬದಿಗೆ ಕೂರಿಸಿ ನೋಡುತ್ತಾರೋ, ಗಂಡಸಾಗು ಎಂದು ಗದರುತ್ತಾರೋ? ಈ ಭಾಗದಲ್ಲಿ ಹಳೆಯ ಪೈಲ್ವಾನರನ್ನು ಕಿವಿ ನೋಡಿಯೇ ಗುರುತಿಸಬಹುದು. ತಿಕ್ಕಾಟದಲ್ಲಿ ಕಿವಿಯ ಮೃದ್ವಸ್ಥಿ ಮತ್ತು ಅದರ ಮೇಲಿನ ಪೊರೆಯ ನಡುವೆ ರಕ್ತ ಕಟ್ಟಿ, ಹಾಗೇ ಗಟ್ಟಿಯಾಗಿ ಮುದುಡಿರುತ್ತದೆ. ಅಂಥವರು ಊರಲ್ಲಿ ಇದ್ದರೆ, ಯಾವ ತರಬೇತುದಾರರು ಹುಡುಗರ ಕುತ್ತಿಗೆ ಕಾಯುತ್ತಾರೆ ಎಂದು ಅವರನ್ನೇ ಕೇಳಬಹುದು. ಪೋಸ್ಟರಿನಲ್ಲಿ ಇಲ್ಲದ ಮಾಹಿತಿ ಅವರಲ್ಲಿರುತ್ತದೆ. ತುರ್ತು ನೆರವಿನ 112, ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181 ಈ ಸಂಖ್ಯೆಗಳನ್ನು ಮೊದಲ ವಾರವೇ ಬಾಯಿಪಾಠ ಮಾಡಿಸುತ್ತಾರೆಯೇ ಎಂದೂ ವಿಚಾರಿಸಬೇಕು. ಮಾಡಿಸದಿದ್ದರೆ, ತರಗತಿಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಿ ಎಂದು ಪೋಷಕರೇ ಕೇಳಿಕೊಳ್ಳಬಹುದು. ಅದಕ್ಕೆ ಒಂದು ಡಬ್ಬಿ ಬಣ್ಣ ಸಾಕು.